‘ಡಿಸ್‌ಪ್ಲೇ ಹೋಗಿದೆ’ ಎನ್ನುವ ಮೊದಲು

ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ಮುಚ್ಚಳ ತೆರೆದೆ. ಪರದೆ ಎರಡು ಸಲ ಮಿಣುಕಿತು, ಮೂರನೆಯ ಸಲ ಕಪ್ಪಾಗಿ ಮತ್ತೆ ಹೊತ್ತಿಕೊಂಡಿತು. ಅಂಗಡಿಯವರು ಅದನ್ನು ಮುಟ್ಟಲಿಲ್ಲ. ‘ಎಷ್ಟು ವರ್ಷದ್ದು ಮೇಡಂ?’ ಅಂದರು. ಒಂಬತ್ತು ವರ್ಷ ಅಂದೆ. ‘ಡಿಸ್‌ಪ್ಲೇ ಹೋಗಿದೆ. ಹಾಕಿಸಿದ್ರೆ ಐದೂವರೆ ಸಾವಿರ ಆಗತ್ತೆ. ಇಷ್ಟು ಹಳೇದಕ್ಕೆ ಯಾಕೆ ದುಡ್ಡು ಸುರೀತೀರಾ, ಹೊಸದು ತಗೊಂಬಿಡಿ.’ ಮಾತು ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಆ ಅಂಗಡಿಗೆ ನಾನು ಬಸ್ಸಿನಲ್ಲಿ ಎರಡು ಗಂಟೆ ಕೂತು ಹೋಗಿದ್ದೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಆಡಿದ ಒಂದು ಪದದ ಮೇಲೆ ಮಾತ್ರ ತಕರಾರಿದೆ: ‘ಹೋಗಿದೆ’. ಬಲ್ಬು ಹೋಯಿತು, ಮೋಟಾರು ಹೋಯಿತು, ಕರೆಂಟು ಹೋಯಿತು ಅನ್ನುತ್ತೇವೆ. ಮನುಷ್ಯರು ತೀರಿಕೊಂಡಾಗಲೂ ಅದೇ ಕ್ರಿಯಾಪದ. ಹೋದ ಕರೆಂಟು ಬರುತ್ತದೆ, ಹೋದ ಮನುಷ್ಯರು ಬರುವುದಿಲ್ಲ. ನನ್ನ ಪರದೆ ಯಾವ ಅರ್ಥದಲ್ಲಿ ಹೋಗಿತ್ತು ಎಂದು ಯಾರೂ ನೋಡಿರಲಿಲ್ಲ. ಪರದೆ ಮಿಣುಕುವುದು ರೋಗವಲ್ಲ, ಜ್ವರದ ಹಾಗೆ ಬರೀ ಲಕ್ಷಣ. ನಾಡಿ ಹಿಡಿಯದೆ, ನಾಲಿಗೆ ನೋಡದೆ ಆಪರೇಷನ್ನಿಗೆ ಬರೆದುಕೊಡುವ ಡಾಕ್ಟರನ್ನು ನಾವು ಒಪ್ಪುವುದಿಲ್ಲ. ಯಂತ್ರದ ವಿಷಯಕ್ಕೆ ಬಂದಾಗ ಮಾತ್ರ ಅಂಥ ತೀರ್ಪಿಗೆ ತಲೆಯಾಡಿಸಿ, ಪರ್ಸು ತೆಗೆಯುತ್ತೇವೆ.

ನಾನು ಬೆಳೆದದ್ದು ಮಗ್ಗದ ಮನೆಯಲ್ಲಿ. ದೊಡ್ಡಬಳ್ಳಾಪುರದಲ್ಲಿ ಅದೇನು ವಿಶೇಷವಲ್ಲ. ನೇಕಾರರ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದು ನಿಂತರೇನೇ ಮಕ್ಕಳಿಗೆ ಎಚ್ಚರವಾಗುತ್ತದೆ. ಸೀರೆಯಲ್ಲಿ ದೋಷ ಕಂಡಾಗ ಅಪ್ಪ ಮೊದಲು ಮಗ್ಗ ನಿಲ್ಲಿಸುತ್ತಿದ್ದರು. ಆಮೇಲೆ ಯಾವ ಹತಾರಕ್ಕೂ ಕೈಹಾಕದೆ, ನೇಯ್ದಷ್ಟು ಬಟ್ಟೆಯನ್ನು ಬೆಳಕಿಗೆ ನೋಡುತ್ತಿದ್ದರು. ದೋಷ ಉದ್ದಕ್ಕೆ ಓಡಿದ್ದರೆ ಹಾಸಿನ ಎಳೆಯದು. ಅಡ್ಡಕ್ಕೆ ಬಂದಿದ್ದರೆ ಹೊಕ್ಕಿನದು, ಲಾಳಿಯ ಕಡೆ ನೋಡಬೇಕು. ಬುಟ್ಟಾ ಬಂದಾಗಲೆಲ್ಲ ಅದೇ ಜಾಗದಲ್ಲಿ ಅದೇ ತಪ್ಪು ಮರುಕಳಿಸಿದರೆ ಎಳೆಗಳನ್ನು ದೂರಿ ಫಲವಿಲ್ಲ. ಮೇಲೆ ಜಕಾರ್ಡಿನಲ್ಲಿ, ಅಂದರೆ ವಿನ್ಯಾಸ ಹೇಳುವ ತೂತಿನ ರಟ್ಟುಗಳ ಸರದಲ್ಲಿ, ಯಾವುದೋ ಒಂದು ರಟ್ಟಿನ ತೂತು ತಪ್ಪಿದೆ. ಮೂರು ನೋಟ, ಮೂರು ಬೇರೆ ಬೇರೆ ಕಾರಣ. ಎಳೆ ಹರಿದರೆ ಗಂಟು ಹಾಕುತ್ತಿದ್ದರು, ರಟ್ಟು ಕೆಟ್ಟರೆ ಆ ಒಂದು ರಟ್ಟನ್ನು ಬದಲಿಸುತ್ತಿದ್ದರು. ‘ಮಗ್ಗ ಹೋಯಿತು’ ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಒಂದೇ ಸಲ, ಮಗ್ಗವನ್ನು ಮಾರಿದ ದಿನ.

ಈ ಹೋಲಿಕೆಯನ್ನು ಚೆಂದಕ್ಕೆಂದು ತಂದದ್ದಲ್ಲ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಮಗ್ಗದಲ್ಲಿ, ರಟ್ಟಿನಲ್ಲಿ ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತಿನ ಕಾರ್ಡುಗಳ ಉಪಾಯವನ್ನು ಪಡೆದದ್ದು ಅಲ್ಲಿಂದಲೇ. ಕಂಪ್ಯೂಟರಿನ ವಂಶವೃಕ್ಷದ ಒಂದು ಬೇರು ನಮ್ಮೂರಿನ ಮಗ್ಗದ ನೆತ್ತಿಯ ಮೇಲಿದೆ. ಲ್ಯಾಪ್‌ಟಾಪಿನ ಪರದೆಯೂ ಒಂದು ಬಗೆಯ ನೇಯ್ಗೆಯೇ. ನನ್ನ ಹಳೆಯ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು. ಸಾಲುಗಳಿಗೂ ಕಂಬಗಳಿಗೂ ಬೇರೆ ಬೇರೆ ತಂತುಗಳು ಹಾಸು ಹೊಕ್ಕಾಗಿ ಹಾದುಹೋಗಿವೆ; ಅವು ಕೂಡುವಲ್ಲೆಲ್ಲ ಒಂದೊಂದು ಚುಕ್ಕಿ. ಹಾಗಾಗಿ ಪರದೆಯ ದೋಷಕ್ಕೂ ದಿಕ್ಕು ಇರುತ್ತದೆ. ಮೇಲಿಂದ ಕೆಳಗೆ ಒಂದೇ ಗೆರೆ ಕದಲದೆ ನಿಂತಿದ್ದರೆ ಆ ಕಂಬದ ಸಂಪರ್ಕ ಬಿಟ್ಟಿದೆ, ಅದು ಪ್ಯಾನೆಲ್ಲಿನ ಒಳಗಿನ ದೋಷ. ಅಂಥದಕ್ಕೆ ಸಣ್ಣ ಅಂಗಡಿಯಲ್ಲಿ ಮದ್ದಿಲ್ಲ. ಇಡೀ ಪರದೆ ಒಟ್ಟಿಗೆ ಮಿಣುಕಿದರೆ ಎಳೆಯೊಂದರ ಮಾತಲ್ಲ. ಬೆಳಕು ಬರುವ ದಾರಿಯಲ್ಲೋ ಚಿತ್ರ ಬರುವ ದಾರಿಯಲ್ಲೋ ಅಡಚಣೆಯಿದೆ.

ಊರಿಗೆ ವಾಪಸು ಬಂದು, ಆ ರಾತ್ರಿ ಅಪ್ಪ ಬಟ್ಟೆ ನೋಡುತ್ತಿದ್ದ ಹಾಗೆ ಪರದೆಯನ್ನು ನೋಡುತ್ತ ಕೂತೆ.

ಮೊದಲ ಅನುಮಾನ ವಿಂಡೋಸಿನ ಮೇಲೆ. ಯಂತ್ರ ಆನ್ ಮಾಡಿದ ಕೂಡಲೇ ಎಫ್2 ಒತ್ತಿ, ವಿಂಡೋಸ್ ಏಳುವುದಕ್ಕೂ ಮುಂಚಿನ ಬಯೋಸ್ ಪುಟಕ್ಕೆ ಹೋದೆ. ಅಲ್ಲಿ ಡ್ರೈವರಿಲ್ಲ, ಆ್ಯಪಿಲ್ಲ. ಅಲ್ಲೂ ಮಿಣುಕಿತು. ಸಾಫ್ಟ್‌ವೇರು ನಿರಪರಾಧಿ ಎಂದು ಒಂದೇ ಗುಂಡಿಯಲ್ಲಿ ತೀರ್ಮಾನವಾಯಿತು. ಮಿಣುಕು ವಿಂಡೋಸಿನಲ್ಲಿ ಮಾತ್ರ ಕಂಡಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕಿತ್ತು: ಆ ಕಿಟಕಿಯೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರು, ಅದೊಂದು ಸ್ಥಿರವಾಗಿದ್ದು ಉಳಿದದ್ದು ಮಿಣುಕಿದರೆ ಯಾವುದೋ ಆ್ಯಪು. ಇವೆರಡಕ್ಕೂ ಬೇಕಾದದ್ದು ಒಂದಷ್ಟು ಸಮಯ, ದುಡ್ಡಲ್ಲ.

ಆಮೇಲೆ ಎಚ್‌ಡಿಎಂಐ ವೈರಿನಿಂದ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿದೆ. ಅರ್ಧ ಗಂಟೆಯ ಹೊತ್ತು ಟೀವಿಯಲ್ಲಿ ಚಿತ್ರ ಕಲ್ಲಿನ ಹಾಗೆ ನಿಂತಿತ್ತು; ಲ್ಯಾಪ್‌ಟಾಪಿನ ಪರದೆ ಮಾತ್ರ ಪಟಪಟ ಅನ್ನುತ್ತಿತ್ತು. ಅಲ್ಲಿಗೆ ಮದರ್‌ಬೋರ್ಡು, ಗ್ರಾಫಿಕ್ಸು, ಮೆಮೊರಿ ಎಲ್ಲದರ ಮೇಲಿನ ಅನುಮಾನವೂ ಬಹುಮಟ್ಟಿಗೆ ಕಳಚಿತು. ಉಳಿದದ್ದು ಮುಚ್ಚಳ, ಅದರ ಕೀಲು, ಕೀಲಿನೊಳಗೆ ಹಾದುಹೋಗುವ ಕೇಬಲ್ಲು. ಮುಚ್ಚಳವನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದೆ. ಒಂದು ಕೋನ ದಾಟಿದ್ದೇ ಪರದೆ ಕಪ್ಪಾಯಿತು. ಒಂದು ಬೆರಳಿನಷ್ಟು ಮುಂದಕ್ಕೆ ತಂದೆ, ಹೊತ್ತಿಕೊಂಡಿತು. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಅದೇ ಕೋನದಲ್ಲಿ.

ಕೊನೆಯ ಪರೀಕ್ಷೆ ನನಗೆ ಬಹಳ ಹಿಡಿಸಿತು. ಪರದೆ ಕಪ್ಪಾಗಿದ್ದಾಗ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಅದರ ಮೇಲೆ ಹಿಡಿದೆ. ಕಪ್ಪಿನ ಆಳದಲ್ಲಿ ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಸಾಲುಗಳು ಮಸಕಾಗಿ ಕಂಡವು, ಒತ್ತಕ್ಷರಗಳನ್ನೂ ಗುರುತಿಸಬಹುದಿತ್ತು. ಅಂದರೆ ಚಿತ್ರ ಅಲ್ಲೇ ಇತ್ತು. ಹೋಗಿದ್ದದ್ದು ಅದರ ಹಿಂದಿನ ದೀಪ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ, ಹಿಂದಿನಿಂದ ಬರುವ ಎಲ್‌ಇಡಿ ಬೆಳಕನ್ನು ಅದು ತಡೆಯುತ್ತದೆ ಅಥವಾ ಬಿಡುತ್ತದೆ, ಅಷ್ಟೆ. ಆ ದೀಪಕ್ಕೆ ವಿದ್ಯುತ್ತು ಹೋಗುವುದೂ ಚಿತ್ರದ ಸಂಕೇತ ಹೋಗುವ ಕೇಬಲ್ಲಿನಲ್ಲೇ, ಪಕ್ಕದ ಎಳೆಗಳಲ್ಲಿ. ಕೀಲಿನ ಹತ್ತಿರ ಒಂದೆರಡು ಎಳೆ ಸವೆದಿರಬೇಕು ಎಂದು ಮಲಗುವ ಮುಂಚೆ ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಸ್ಕ್ರೂ ಡ್ರೈವರನ್ನು ನಾನು ಮುಟ್ಟಿರಲಿಲ್ಲ.

ಮರುದಿನ ನಮ್ಮೂರಿನಲ್ಲೇ ಮೊಬೈಲ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಗೆ ಹೋಗಿ ಇಷ್ಟನ್ನೂ ಹೇಳಿದೆ. ಆ ಹುಡುಗ ನಡುವೆ ಮಾತಾಡದೆ ಕೇಳಿಸಿಕೊಂಡ. ಟಾರ್ಚಿನ ಮಾತು ಬಂದಾಗ ಮಾತ್ರ ‘ಅಕ್ಷರ ಕಾಣಿಸ್ತಾ ಮೇಡಂ? ಹಂಗಾದ್ರೆ ಪ್ಯಾನೆಲ್ ಚೆನ್ನಾಗಿದೆ’ ಅಂದ. ಕೆಳಗಿನ ಮುಚ್ಚಳ ಬಿಚ್ಚಿ ಮೊದಲು ಬ್ಯಾಟರಿಯ ಕನೆಕ್ಟರನ್ನು ಕಿತ್ತ. ಬ್ಯಾಟರಿ ಜೋಡಿಸಿಕೊಂಡೇ ಪರದೆಯ ಕೇಬಲ್ಲು ಎಳೆದರೆ ಬೋರ್ಡಿನ ಮೇಲಿನ ಜೋಳದ ಕಾಳಿಗಿಂತ ಚಿಕ್ಕ ಫ್ಯೂಸು ಸುಟ್ಟು, ಸಣ್ಣ ಕೆಲಸ ದೊಡ್ಡದಾಗಬಹುದು. ಆಮೇಲೆ ಒಂದು ಹಳೆಯ ಎಟಿಎಂ ಕಾರ್ಡನ್ನು ಪರದೆಯ ಚೌಕಟ್ಟಿನ ಸಂದಿಗೆ ತೂರಿಸಿ ಸುತ್ತ ಎಳೆದುಕೊಂಡು ಬಂದ. ಕೊಕ್ಕೆಗಳು ಟಿಕ್ ಟಿಕ್ ಎಂದು ಒಂದೊಂದಾಗಿ ಬಿಟ್ಟವು. ಎಡಗಡೆಯ ಕೀಲಿನ ಹತ್ತಿರ ಕಪ್ಪು ಬಟ್ಟೆಟೇಪು ಸುತ್ತಿದ ಕೇಬಲ್ಲು. ಒಂಬತ್ತು ವರ್ಷ, ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚಿದ ಕೀಲು ಆ ಟೇಪನ್ನು ಒಂದೇ ಜಾಗದಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿತ್ತು. ಟೇಪು ಬಿಡಿಸಿದರೆ, ಕೂದಲೆಳೆಯಂಥ ವೈರುಗಳಲ್ಲಿ ಎರಡರ ಮೈ ಸುಲಿದು ತಾಮ್ರ ಕಾಣುತ್ತಿತ್ತು; ಒಂದು ಪೂರ್ತಿ ತುಂಡಾಗಿ, ತುದಿಗಳೆರಡೂ ಒಂದಕ್ಕೊಂದು ತಾಗಿ ತಾಗದಂತೆ ನಿಂತಿದ್ದವು. ಅವು ತಾಗಿದಾಗ ದೀಪ, ಬಿಟ್ಟಾಗ ಕತ್ತಲೆ.

ಅವನು ಕೇಬಲ್ಲಿನ ಬಿಳಿ ಚೀಟಿಯ ಮೇಲಿದ್ದ ಸಂಖ್ಯೆಯ ಫೋಟೊ ತೆಗೆದು ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾರಿಗೋ ವಾಟ್ಸಾಪ್ ಮಾಡಿದ. ನಾಲ್ಕನೆಯ ದಿನ ಕೇಬಲ್ಲು ಬಂತು. ಬೆಲೆ 650 ರೂಪಾಯಿ.

ಐದೂವರೆ ಸಾವಿರಕ್ಕೂ ಆರುನೂರ ಐವತ್ತಕ್ಕೂ ನಡುವಿನ ಅಂತರವನ್ನು ಮೋಸ ಎಂದು ಕರೆದು ಬಿಟ್ಟರೆ ನಾವು ಕಲಿಯುವುದೇನೂ ಇಲ್ಲ. ನಗರದ ಆ ಅಂಗಡಿಯವರ ಜಾಗದಲ್ಲಿ ನಿಂತು ಯೋಚಿಸಬೇಕು. ಬಾಡಿಗೆ ದುಬಾರಿ, ಎದುರಿಗೆ ಸಾಲು ನಿಂತಿದೆ. ದೋಷ ಹುಡುಕಲು ಒಂದು ಗಂಟೆ ಕೂತರೆ ಆ ಗಂಟೆಗೆ ದುಡ್ಡು ಕೊಡುವವರಿಲ್ಲ. ‘ಸುಮ್ನೆ ನೋಡಿದ್ದಕ್ಕೂ ದುಡ್ಡಾ?’ ಎಂದು ಗಿರಾಕಿಯೇ ಜಗಳಕ್ಕೆ ನಿಲ್ಲುತ್ತಾರೆ. ಪ್ಯಾನೆಲ್ ಮಾರಿದರೆ ಲಾಭ ಉಂಟು, ಗ್ಯಾರಂಟಿ ಕೊಡಬಹುದು, ಹತ್ತು ನಿಮಿಷದ ಕೆಲಸ. ನಾವು ದುಡ್ಡು ಕೊಡುವುದು ಬಿಡಿಭಾಗಕ್ಕೆ, ಬುದ್ಧಿಗಲ್ಲ. ಆದ್ದರಿಂದ ಅಂಗಡಿಗಳು ಮಾರುವುದೂ ಬಿಡಿಭಾಗವನ್ನೇ. ಡಾಕ್ಟರು ‘ಏನೂ ತೊಂದರೆಯಿಲ್ಲ, ಮನೆಗೆ ಹೋಗಿ’ ಎಂದರೂ ಫೀಸು ಕೊಟ್ಟು, ನೆಮ್ಮದಿಯಿಂದ ಎದ್ದು ಬರುತ್ತೇವೆ. ಯಂತ್ರದ ರೋಗ ಪತ್ತೆಮಾಡುವವರಿಗೆ ಅದೇ ಮರ್ಯಾದೆ ಸಿಗುವ ತನಕ ‘ಹೋಗಿದೆ’ ಎಂಬ ಮಾತು ಅಗ್ಗವಾಗಿಯೇ ಇರುತ್ತದೆ. ನನ್ನ ವಾದ ಇಷ್ಟೇ: ರಿಪೇರಿಯ ಹಕ್ಕು ಎಂಬುದು ಸ್ಕ್ರೂ ಬಿಚ್ಚುವಲ್ಲಿ ಶುರುವಾಗುವುದಲ್ಲ, ಏನು ಕೆಟ್ಟಿದೆ ಎಂದು ತಿಳಿಯುವಲ್ಲಿ ಶುರುವಾಗುತ್ತದೆ. ಆ ತಿಳಿವಳಿಕೆಗೆ ಬೆಲೆ ಕಟ್ಟಬೇಕಾದವರು ಗಿರಾಕಿಗಳಾದ ನಾವು. ಅದಕ್ಕೆ ದಾರಿ ಬಿಡಬೇಕಾದವರು ಯಂತ್ರ ಮಾಡುವವರು.

ಯಂತ್ರ ಮಾಡುವವರು ದಾರಿ ಬಿಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಲೋಕವೇ ಕಂಡ ಉದಾಹರಣೆಯೊಂದಿದೆ, ಅದೂ ಇದೇ ಕಾಯಿಲೆಯದು. 2016ರಲ್ಲಿ ಆ್ಯಪಲ್ ತಂದ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪುಗಳಲ್ಲಿ ಪರದೆಯ ದೀಪಕ್ಕೆ ವಿದ್ಯುತ್ ಒಯ್ಯುವ ತೆಳುವಾದ ಪಟ್ಟಿ, ಮುಚ್ಚಳ ತೆರೆದಾಗಲೆಲ್ಲ ಬೋರ್ಡಿನ ಅಂಚಿಗೆ ಬಿಗಿದುಕೊಂಡು ಸವೆಯುತ್ತಿತ್ತು. ಪರದೆಯ ತಳದಲ್ಲಿ ರಂಗಮಂದಿರದ ದೀಪಗಳ ಹಾಗೆ ಬೆಳಕು ಕತ್ತಲೆಯ ಪಟ್ಟೆಗಳು ಮೂಡಿ, ಕೊನೆಗೆ ದೀಪ ಪೂರ್ತಿ ಆರುತ್ತಿತ್ತು. ಕೇಬಲ್ಲನ್ನು ಪರದೆಯಿಂದ ಬೇರ್ಪಡಿಸಲಾಗದಂತೆ ಕೂಡಿಸಿದ್ದರಿಂದ, ಆ ಚಿಕ್ಕ ಪಟ್ಟಿಗಾಗಿ ಇಡೀ ಪರದೆಯನ್ನೇ ಬದಲಿಸಬೇಕಿತ್ತು. ರಿಪೇರಿಯ ಮಾಹಿತಿಯನ್ನು ಎಲ್ಲರಿಗೂ ತೆರೆದಿಡುವ ಐಫಿಕ್ಸಿಟ್ ಸಂಸ್ಥೆ ಇದನ್ನು ಬಿಡಿಸಿ ತೋರಿಸಿತು. 2018ರ ಮಾದರಿಯಲ್ಲಿ ಕೇಬಲ್ಲು 2 ಮಿಲಿಮೀಟರ್ ಉದ್ದವಾಗಿರುವುದನ್ನೂ ಅದೇ ಅಳೆದು ಹೇಳಿತು. 2019ರ ಮೇ ತಿಂಗಳಲ್ಲಿ ಆ್ಯಪಲ್ 13 ಇಂಚಿನ ಆ ಮಾದರಿಗಳಿಗೆ ಉಚಿತ ದುರಸ್ತಿ ಘೋಷಿಸಿತು. ಎರಡು ಮಿಲಿಮೀಟರ್ ಕೇಬಲ್ಲಿನ ಪ್ರಶ್ನೆ ಎಷ್ಟೋ ಜನರ ಜೇಬಿನ ಪ್ರಶ್ನೆಯಾಯಿತು. ನನ್ನ ಹಳೆಯ ಯಂತ್ರ ದಪ್ಪವಾಗಿತ್ತು, ಭಾರವಾಗಿತ್ತು. ಕೇಬಲ್ಲು ಮಾತ್ರ ಬೇರೆಯಾಗಿ ಬರುತ್ತಿತ್ತು. ತೆಳ್ಳಗೆ ಮಾಡುವ ಹಂಬಲದಲ್ಲಿ ಕಂಪನಿಗಳು ತೆಗೆದುಹಾಕಿದ್ದು ಈ ಬೇರೆಯಾಗುವ ಗುಣವನ್ನು.

ಈ ಮಾತು ನಮ್ಮ ಜಿಲ್ಲೆಗೆ ಬೇರೆ ಜಿಲ್ಲೆಗಳಿಗಿಂತ ಹೆಚ್ಚು ಹತ್ತಿರದ್ದು. ದೇವನಹಳ್ಳಿಯಲ್ಲಿ ಸರ್ಕಾರ ಫಾಕ್ಸ್‌ಕಾನ್ ಕಂಪನಿಗೆ 300 ಎಕರೆ ಜಮೀನು ಕೊಟ್ಟಿತು. 2025ರಲ್ಲಿ ಅಲ್ಲಿ ಐಫೋನ್ ತಯಾರಾಗತೊಡಗಿತು. ಅಲ್ಲಿಂದ ಪಶ್ಚಿಮಕ್ಕೆ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ ಇ-ಪರಿಸರ ಇದೆ. ಪಿ. ಪಾರ್ಥಸಾರಥಿ ಅವರು ಕಟ್ಟಿದ ಈ ಘಟಕ 2005ರಲ್ಲಿ, ದೇಶದಲ್ಲಿ ಇ-ತ್ಯಾಜ್ಯಕ್ಕೆಂದು ಪ್ರತ್ಯೇಕ ನಿಯಮಗಳೇ ಇಲ್ಲದ ಕಾಲದಲ್ಲಿ, ಹಳೆಯ ಕಂಪ್ಯೂಟರುಗಳನ್ನು ಕ್ರಮಬದ್ಧವಾಗಿ ಬಿಡಿಸಿ ಲೋಹ ಬೇರ್ಪಡಿಸುವ ಕೆಲಸ ಶುರುಮಾಡಿತು. ನಿಯಮಗಳು ಬಂದದ್ದು 2011ರಲ್ಲಿ. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಎಲೆಕ್ಟ್ರಾನಿಕ್ ಸಾಧನಗಳು ಹುಟ್ಟುತ್ತವೆ, ಇನ್ನೊಂದು ತುದಿಯಲ್ಲಿ ಕೊನೆಯಾಗುತ್ತವೆ. ಹುಟ್ಟಿಗೆ ಸಬ್ಸಿಡಿ ಇದೆ, ಸಾವಿಗೆ ನಿಯಮ ಇದೆ. ನಡುವಿನ ಬದುಕನ್ನು ಉದ್ದ ಮಾಡುವ ಆ ಸಣ್ಣ ಅಂಗಡಿಯ ಹುಡುಗನ ಕೆಲಸಕ್ಕೆ ಯಾವ ಲೆಕ್ಕವೂ ಇಲ್ಲ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳನ್ನೇ ನೋಡಿ. ತಯಾರಕರು ಇಷ್ಟು ಪಾಲು ಮರುಬಳಕೆ ಮಾಡಿಸಲೇಬೇಕು ಎಂದು ಅವು ಗುರಿ ಹಾಕಿವೆ: ಮೊದಲೆರಡು ವರ್ಷ ಶೇ 60, ಮುಂದಿನೆರಡು ವರ್ಷ ಶೇ 70, ಆಮೇಲೆ ಶೇ 80. ಒಳ್ಳೆಯ ಗುರಿ. ಆದರೆ ಈ ಮರುಬಳಕೆ ಎಂದರೆ ಒಡೆದು, ಕರಗಿಸಿ, ಲೋಹ ತೆಗೆಯುವುದು. ಹಳೆಯದನ್ನು ಸರಿಮಾಡಿ ಮತ್ತೆ ಬಳಕೆಗೆ ಬಿಟ್ಟರೆ ಅದಕ್ಕೂ ಪ್ರಮಾಣಪತ್ರ ಉಂಟು, ಆದರೆ ಅದರಿಂದ ಕಂಪನಿಯ ಹೊಣೆ ಮುಂದಕ್ಕೆ ಹೋಗುತ್ತದೆಯೇ ಹೊರತು ತೀರುವುದಿಲ್ಲ. ಲೆಕ್ಕ ತೀರುವುದು ಯಂತ್ರ ಪುಡಿಯಾದ ಮೇಲೆಯೇ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ದಾಖಲೆಯಲ್ಲಿರುವುದು ಶೇ 22.3 ಮಾತ್ರ. ಇ-ತ್ಯಾಜ್ಯವಿರಲಿ ಬೇರೆ ಕಸವಿರಲಿ, ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ತಾಲ್ಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಕಸದ ಲಾರಿಗಳು ಚಿಗರೇನಹಳ್ಳಿಯ ಕಸ ಸಂಸ್ಕರಣಾ ಘಟಕಕ್ಕೆ ಬರುವುದರ ವಿರುದ್ಧ ಸುತ್ತಿನ ಹಳ್ಳಿಗಳವರು ರಸ್ತೆಯಲ್ಲಿ ಕೂತಿದ್ದಾರೆ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳ ನೀರು ಕೆಟ್ಟದ್ದಕ್ಕೂ ಹೋರಾಟ ನಡೆದಿದೆ. ಬಿಸಾಡಿದ್ದು ಯಾರದೋ ಅಂಗಳಕ್ಕೇ ಬಂದು ಬೀಳುತ್ತದೆ ಎಂಬುದು ಇಲ್ಲಿ ಮೂಗಿಗೆ ಬಡಿದ ಸತ್ಯ.

ಬಿಸಾಡುವ ಮೊದಲು ರಿಪೇರಿ ಎಂಬ ನನ್ನ ವಾದಕ್ಕೆ ಎದುರು ಮಾತುಗಳಿವೆ, ಅವು ಹಗುರವಲ್ಲ. ಹಳೆಯ ಯಂತ್ರಕ್ಕೆ ಸುರಕ್ಷತೆಯ ತೊಂದರೆ ಇದೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನನ್ನದರಂಥ ಯಂತ್ರಗಳನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಲಿನಕ್ಸಿಗೆ ಬದಲಾಯಿಸಿಕೊಂಡೆ. ಎಲ್ಲರಿಗೂ ಅದು ಸುಲಭವಲ್ಲ ಎಂದು ಒಪ್ಪುತ್ತೇನೆ. ಕೆಲವು ಸಲ ನಿಜಕ್ಕೂ ಬಿಡಬೇಕಾಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಮನೆಯಲ್ಲಿ ಚುಚ್ಚಿ ನೋಡುವುದು ಬೆಂಕಿಯೊಂದಿಗೆ ಆಟ. 2010ಕ್ಕೂ ಹಿಂದಿನ ಬಹಳಷ್ಟು ಪರದೆಗಳಲ್ಲಿ ಎಲ್‌ಇಡಿ ಬದಲು ಸಣ್ಣ ಟ್ಯೂಬ್‌ಲೈಟು ಇರುತ್ತಿತ್ತು, ಅದಕ್ಕೆ ನೂರಾರು ವೋಲ್ಟ್ ಕೊಡುವ ಇನ್ವರ್ಟರು ಒಳಗಿರುತ್ತದೆ, ಗೊತ್ತಿಲ್ಲದವರು ಮುಟ್ಟಬಾರದು. ಪ್ಯಾನೆಲ್ ಒಳಗೇ ಒಡೆದಿದ್ದರೆ ಅಂಗಡಿಯವರ ಐದೂವರೆ ಸಾವಿರದ ಮಾತೇ ಸರಿ. ಆದರೆ ಬಿಡಬೇಕೆಂಬ ತೀರ್ಮಾನಕ್ಕೂ ಕಾರಣ ಬೇಕಲ್ಲವೇ? ಕಾರಣ ತಿಳಿದು ಬಿಟ್ಟದ್ದು ದಾಬಸ್‌ಪೇಟೆಯಂಥ ಘಟಕಕ್ಕೆ ಹೋಗಲಿ, ಅಭ್ಯಂತರವಿಲ್ಲ. ಕಾರಣ ಕೇಳದೆ ಬಿಟ್ಟದ್ದು ಗುಜರಿಯವರ ಗೋಣಿಚೀಲಕ್ಕೆ ಬೀಳುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದಕ್ಕೊಂದು ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನಗಳಿಗೆ ರಿಪೇರಿ ಸೂಚ್ಯಂಕ ಹೇಗಿರಬೇಕೆಂಬ ವರದಿ 2025ರ ಮೇ ತಿಂಗಳಲ್ಲಿ ಇಲಾಖೆಯ ಕೈಸೇರಿತು. ಫ್ರಾನ್ಸ್ 2021ರ ಜನವರಿಯಲ್ಲೇ ಲ್ಯಾಪ್‌ಟಾಪುಗಳ ಬೆಲೆಚೀಟಿಯ ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಎಂಬ ರಿಪೇರಿ ಅಂಕ ತೋರಿಸುವುದನ್ನು ಕಡ್ಡಾಯ ಮಾಡಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಹೊಸ ಯಂತ್ರದ ಬೆಲೆಯ ಮುಂದೆ ಎಷ್ಟು, ಎಲ್ಲಕ್ಕೂ ಅದರಲ್ಲಿ ಅಂಕವಿದೆ. ನಮ್ಮಲ್ಲೂ ಅಂಥದು ಬರಲಿ. ಬಂದಾಗ ಅದರಲ್ಲಿ ಇನ್ನೊಂದು ಪ್ರಶ್ನೆ ಸೇರಬೇಕೆಂದು ನನ್ನ ಆಸೆ: ಈ ಯಂತ್ರ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ದೊಡ್ಡಬಳ್ಳಾಪುರದ ಒಬ್ಬ ಹುಡುಗ ತನ್ನ ಅಂಗಡಿಯಲ್ಲಿ ಕೂತು ಕಂಡುಹಿಡಿಯಬಲ್ಲನೇ? ಸರ್ವಿಸ್ ಮ್ಯಾನ್ಯುಯಲ್ ಅವನ ಕೈಗೆ ಸಿಗುತ್ತದೆಯೇ? ಕೇಬಲ್ಲಿನ ಬಿಳಿ ಚೀಟಿಯ ಮೇಲಿನ ಸಂಖ್ಯೆಯನ್ನೇ ನಂಬಿ ಕೆಲಸ ಮಾಡಿದ್ದು ಅವನ ಜಾಣತನ ನಿಜ. ಅದು ಕಂಪನಿ ಅವನಿಗೆ ಕೊಡದ ಮಾಹಿತಿಯ ಗುರುತು ಕೂಡ.

ಕೇಬಲ್ಲು ಹಾಕಿದ ದಿನ ಅವನು ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ಮುಚ್ಚಿ, ತೆರೆದು, ಮತ್ತೆ ಬಾಗಿಸಿ ತೋರಿಸಿದ. ಪರದೆ ಕದಲಲಿಲ್ಲ. ಬಿಲ್ ಪುಸ್ತಕದಲ್ಲಿ ‘ಕೇಬಲ್ 650’ ಎಂದು ಬರೆದು, ಹಾಕಿದ್ದಕ್ಕೆ ಇನ್ನೂರು ಕೊಡಿ ಅಂದ. ದೋಷ ಹುಡುಕಿದ್ದಕ್ಕೂ ಸೇರಿಸು ಅಂದೆ. ‘ಅದಕ್ಕೇನ್ ಮೇಡಂ, ನೀವೇ ಅರ್ಧ ಹೇಳಿದ್ರಲ್ಲ’ ಎಂದು ಸಂಕೋಚಪಟ್ಟ. ಉಳಿದರ್ಧಕ್ಕೆ ಬರಿ ಅಂದೆ. ಪೆನ್ನು ಹಿಡಿದು ತುಸು ಹೊತ್ತು ಯೋಚಿಸಿದ. ಆ ಸಾಲಿಗೆ ಏನು ಹೆಸರು ಕೊಡಬೇಕೆಂದು ಅವನಿಗೆ ತೋಚಲಿಲ್ಲ. ‘ಸರ್ವಿಸ್’ ಎಂದು ಬರೆದು ಹೊಡೆದುಹಾಕಿದ. ಆಮೇಲೆ ಕೆಳಗೆ, ದುಂಡಗಿನ ಅಕ್ಷರದಲ್ಲಿ, ‘ನೋಡಿದ್ದು 150’ ಎಂದು ಬರೆದುಕೊಟ್ಟ.